ಅನುಕಂಪ: ಶೋಕಕಾಲದ ಚಿಕಿತ್ಸೆ

ಉಪಸರ್ಗಗಳ ಪಾಠ ಮಾಡುವಾಗ ನಾನು ತಪ್ಪದೆ ಉದಾಹರಿಸುವ ಮಾತೊಂದುಂಟು: ‘ಅನುಕಂಪ’. ‘ಕಂಪ’ ಎಂದರೆ ನಡುಕ. ‘ಅನು’ ಎಂದರೆ ಒಂದನ್ನು ಅನುಸರಿಸಿ, ಅದರ ಜೊತೆಯಲ್ಲಿ. ಒಬ್ಬನು ನಡುಗುವಾಗ ಅವನೊಡನೆ ಇನ್ನೊಬ್ಬನೂ ನಡುಗುವುದೇ ಅನುಕಂಪ. ಈ ಮಾತನ್ನು ನಾವು ಬಳಸಿ ಬಳಸಿ ಸವೆಸಿದ್ದೇವೆ. ಕಚೇರಿಗಳಲ್ಲಿ ‘ಅನುಕಂಪದ ಆಧಾರದ ಮೇಲೆ ನೇಮಕಾತಿ’ ಎಂಬ ಕಡತವೇ ಇರುತ್ತದೆ. ಮೇಲಿರುವವರು ಕೆಳಗಿರುವವರಿಗೆ ತೋರಿಸುವ ದಯೆ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಮೂಲದ ಮಾತಿನಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಇಬ್ಬರು ನಡುಗುವವರಿದ್ದಾರೆ, ಅಷ್ಟೆ.

ಮೂವತ್ತು ವರ್ಷ ಈ ವ್ಯುತ್ಪತ್ತಿಯನ್ನು ಹೇಳಿಕೊಟ್ಟ ನಾನು ಅದರ ಅರ್ಥವನ್ನು ತಿಳಿದದ್ದು 2021 ರಲ್ಲಿ, ಅದೂ ತಪ್ಪು ಮಾಡಿ. ಆ ವರ್ಷ ಆಗಸ್ಟಿನಲ್ಲಿ ಶಾಲೆ ಮತ್ತೆ ತೆರೆಯಿತು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಮೇ ತಿಂಗಳಲ್ಲಿ ತಂದೆಯನ್ನು ಕಳೆದುಕೊಂಡಿದ್ದಳು. ಆತ ಸರಕು ಸಾಗಿಸುವ ಆಟೋ ಓಡಿಸುತ್ತಿದ್ದವರು. ನಾನು ಅವಳನ್ನು ಕರೆದು, “ಧೈರ್ಯ ತಂದುಕೋ ಅಮ್ಮ, ಎಲ್ಲವೂ ವಿಧಿ. ಚೆನ್ನಾಗಿ ಓದಿ ಅಪ್ಪನ ಹೆಸರು ಉಳಿಸು” ಎಂದೆ. ಅವಳು ತಲೆಯಾಡಿಸಿದಳು. ನಾಲ್ಕು ದಿನದ ಮೇಲೆ ಶಾಲೆಗೆ ಬರುವುದನ್ನೇ ಬಿಟ್ಟಳು. ಅದೇ ಮೇ ತಿಂಗಳಲ್ಲಿ ನನ್ನ ಅಣ್ಣನೂ ತೀರಿಕೊಂಡಿದ್ದ. ಅವಳಿಗೆ ಹೇಳಿದ ಮಾತು ನನ್ನ ಕಿವಿಗೇ ಬೇರೆ ಯಾರದೋ ಮಾತಿನಂತೆ ಕೇಳಿಸಿತ್ತು.

ಕೆಲವು ವಾರಗಳ ತರುವಾಯ ಉಪಾಧ್ಯಾಯರಿಗೆಂದು ನಡೆದ ತರಬೇತಿಯಲ್ಲಿ ಈ ಸಂಗತಿಯನ್ನು ಹೇಳಿಕೊಂಡೆ. ಅಲ್ಲಿಗೆ ಬಂದಿದ್ದ ಆಪ್ತಸಲಹೆಗಾರ್ತಿ ಒಬ್ಬರು ಎಲ್ಲವನ್ನೂ ಕೇಳಿ, “ಸಾರ್, ಅವಳಿಗೆ ನೀವು ಏನು ಹೇಳಿದಿರಿ ಅನ್ನುವುದು ತಿಳಿಯಿತು. ಅವಳು ನಿಮಗೆ ಏನು ಹೇಳಿದಳು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಊಟದ ಹೊತ್ತಿನಲ್ಲಿ ಆ ತಾಯಿ ತಮ್ಮ ಮನೆಯಲ್ಲೂ ಸಾವಾಗಿದೆಯೆಂದು ಹೇಳಿದರು. ತಾವೇ ದುಃಖದಲ್ಲಿ ಮುಳುಗಿರುವಾಗ ಇನ್ನೊಬ್ಬರ ದುಃಖಕ್ಕೆ ಇವರು ಹೇಗೆ ಕಿವಿಗೊಡುತ್ತಾರೆ? ನಾಳೆ ಏನೆಂದು ತಮಗೇ ತಿಳಿಯದಿರುವಾಗ ಏನೆಂದು ಸಮಾಧಾನ ಹೇಳುತ್ತಾರೆ? ಈ ಪ್ರಶ್ನೆಯನ್ನು ಹಿಡಿದು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಮುಂದಿಡುತ್ತೇನೆ.

ಒಬ್ಬರ ಮನೆಯ ದುಃಖ ಬೇರೆ, ಊರೆಲ್ಲದರ ದುಃಖ ಬೇರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅನ್ನ ತಂದಿಡುತ್ತಾರೆ. ಇದು ನಮ್ಮಲ್ಲಿ ಬಹುಕಾಲದಿಂದ ಬಂದ ಚಿಕಿತ್ಸೆ. ಆದರೆ ಬೀದಿಯ ಎಲ್ಲ ಮನೆಗಳಲ್ಲೂ ಸೂತಕವಾದರೆ ಅನ್ನ ತರುವವರಾರು? ಮಹಾಭಾರತದ ಸ್ತ್ರೀಪರ್ವದಲ್ಲಿ ಈ ಸ್ಥಿತಿಯೇ ಬರುತ್ತದೆ. ಯುದ್ಧ ಮುಗಿದಿದೆ, ಅರಮನೆಯ ಹೆಂಗಸರೆಲ್ಲ ರಣರಂಗಕ್ಕೆ ಹೊರಡುತ್ತಾರೆ. ಸಂತೈಸಬೇಕಾದವರೂ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕಳೆದುಕೊಂಡವರೇ. ವಿದುರನು ಧೃತರಾಷ್ಟ್ರನಿಗೆ ನೀತಿ ಹೇಳುತ್ತಾನೆ. ಗಾಂಧಾರಿಯಾದರೋ ನೀತಿಯಿಂದ ತಣಿಯುವುದಿಲ್ಲ. ಈ ಸಾವುಗಳನ್ನು ತಡೆಯಬಲ್ಲವನಾಗಿದ್ದೂ ತಡೆಯಲಿಲ್ಲವೇಕೆ ಎಂದು ಕೃಷ್ಣನನ್ನೇ ಕೇಳಿ ಶಾಪ ಕೊಡುತ್ತಾಳೆ. ಆತನು ಅದನ್ನು ದುಃಖದ ಪ್ರಲಾಪವೆಂದು ತಳ್ಳಿಹಾಕದೆ ತಾಳಿಕೊಳ್ಳುತ್ತಾನೆ. ಶೋಕದಲ್ಲಿ ಕಣ್ಣೀರಷ್ಟೇ ಅಲ್ಲದೆ ನ್ಯಾಯದ ಪ್ರಶ್ನೆಯೂ ಇರಬಹುದೆಂಬುದನ್ನು ವ್ಯಾಸರು ಅಷ್ಟು ಹಿಂದೆಯೇ ಬರೆದಿಟ್ಟರು. ಇಂದಿನ ಮನೋವೈದ್ಯ ಈ ತಿಳಿವಳಿಕೆಗೆ ಬರಲು ಹಲವು ಮೆಟ್ಟಿಲುಗಳನ್ನು ಹತ್ತಬೇಕಾಯಿತು.

ಮೊದಲನೆಯ ಮೆಟ್ಟಿಲು, ಶೋಕವು ರೋಗವಲ್ಲವೆಂದು ತಿಳಿದದ್ದು. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1917 ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಶೋಕಕ್ಕೂ ವಿಷಣ್ಣತೆಯೆಂಬ ಕಾಯಿಲೆಗೂ ಇರುವ ಅಂತರವನ್ನು ವಿವರಿಸಿದನು. ಸತ್ತವರಲ್ಲಿ ನೆಟ್ಟ ಮನಸ್ಸು ಮೆಲ್ಲಮೆಲ್ಲಗೆ ಬಿಡಿಸಿಕೊಂಡು ಮತ್ತೆ ಲೋಕದ ಕಡೆಗೆ ತಿರುಗುತ್ತದೆ. ಆ ಕೆಲಸಕ್ಕೆ ಕಾಲ ಬೇಕು, ಅದಕ್ಕೆ ಅಡ್ಡಿಮಾಡಬಾರದು ಎಂಬುದು ಅವನ ಅಭಿಪ್ರಾಯ. ಮೂರು ವರ್ಷದೊಳಗೆ ಈ ಮಾತಿನ ಪರೀಕ್ಷೆ ಅವನ ಮನೆಯಲ್ಲೇ ನಡೆಯಿತು. 1918 ರಲ್ಲಿ ಎದ್ದ ಇನ್‌ಫ್ಲುಯೆಂಜಾ ಪಿಡುಗು ಇನ್ನೂ ಅಡಗಿರಲಿಲ್ಲ. 1920 ರ ಜನವರಿಯಲ್ಲಿ ಹ್ಯಾಂಬರ್ಗಿನಲ್ಲಿದ್ದ ಅವನ ಮಗಳು ಸೋಫಿ ಆ ಜ್ವರಕ್ಕೆ ತುತ್ತಾದಳು. ಅವಳಿಗೆ ಇಪ್ಪತ್ತಾರು ವರ್ಷ. ಎರಡು ಚಿಕ್ಕ ಮಕ್ಕಳಿದ್ದವು. ಯುದ್ಧದಿಂದ ಹಾಳಾಗಿದ್ದ ದೇಶದಲ್ಲಿ ರೈಲುಗಳಿರಲಿಲ್ಲ. ತಂದೆತಾಯಿಗಳು ಮಗಳ ಕೊನೆಯ ಸಂಸ್ಕಾರಕ್ಕೆ ಹೋಗಲಾಗಲಿಲ್ಲ. ಫ್ರಾಯ್ಡ್ ರೋಗಿಗಳನ್ನು ನೋಡುವುದನ್ನು ಮುಂದುವರಿಸಿದನು. ಒಂಬತ್ತು ವರ್ಷಗಳ ತರುವಾಯ, ಮಗನನ್ನು ಕಳೆದುಕೊಂಡ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ, ತೀವ್ರವಾದ ಶೋಕ ಇಳಿದರೂ ಆ ಬರಿದಾದ ಜಾಗವು ತುಂಬುವುದಿಲ್ಲವೆಂದು ಒಪ್ಪಿಕೊಂಡನು. ಶಾಸ್ತ್ರ ಬರೆದವನೇ ಅನುಭವದಿಂದ ಶಾಸ್ತ್ರವನ್ನು ತಿದ್ದಿದಂತಾಯಿತು.

ಎರಡನೆಯ ಮೆಟ್ಟಿಲು ನಮ್ಮ ದೇಶದ್ದು. 1947 ರ ದೇಶವಿಭಜನೆಯಲ್ಲಿ ಮನುಷ್ಯರು, ಆಸ್ತಿಪಾಸ್ತಿಗಳು ಹಂಚಿಹೋದಂತೆ ಮಾನಸಿಕ ಆಸ್ಪತ್ರೆಯ ರೋಗಿಗಳೂ ಹಂಚಿಹೋದರು. ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು 1950 ರಲ್ಲಿ ಗಡಿ ದಾಟಿಸಿ ಅಮೃತಸರಕ್ಕೆ ತಂದರು. ಇತ್ತಲಿನ ಮುಸ್ಲಿಂ ರೋಗಿಗಳನ್ನು ಅತ್ತ ಕಳುಹಿಸಿದರು. ಯಾವ ದೇಶ ಬೇಕೆಂದು ಅವರನ್ನು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. ಮಂಟೋ ಬರೆದ ‘ಟೋಬಾ ಟೇಕ್ ಸಿಂಗ್’ ಕಥೆಯ ಮೂಲಕ ಈ ಪ್ರಸಂಗ ಲೋಕಪ್ರಸಿದ್ಧವಾಗಿದೆ. ಅದೇ ಅಮೃತಸರದ ಆಸ್ಪತ್ರೆಯಲ್ಲಿ 1950 ರ ದಶಕದಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಹೊಸ ಕ್ರಮವೊಂದನ್ನು ತಂದರು. ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನೂ ಅಲ್ಲೇ ಉಳಿಸಿಕೊಂಡರು. ಮನೆಯವರು ರೋಗಿಯ ಆರೈಕೆ ಮಾಡುವರು; ವೈದ್ಯರು ಅವರೆಲ್ಲರನ್ನೂ ಕೂಡಿಸಿ ಕಾಯಿಲೆಯ ವಿಷಯ ಮಾತನಾಡುವರು. ಗೋಡೆ, ಬೀಗ, ಕಾವಲುಗಾರರ ಆಸ್ಪತ್ರೆಗೆ ತಾಯಿ, ಅಕ್ಕ, ಅಣ್ಣಂದಿರು ಬಂದು ಕುಳಿತರು. ನೆಂಟರು ರೋಗಿಯನ್ನು ತೊರೆದುಹೋಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಮೂರನೆಯ ಮೆಟ್ಟಿಲನ್ನು ಕಾಣಬೇಕಾದರೆ ಅದೇ ದಶಕದ ಆಲ್ಜೀರಿಯಾ ದೇಶಕ್ಕೆ ಹೋಗಬೇಕು. ಆರೈಕೆಯೊಳಗೇ ದಬ್ಬಾಳಿಕೆ ಅಡಗಿರಬಹುದೆಂಬುದನ್ನು ಒಬ್ಬ ವೈದ್ಯನು ತನ್ನ ಸೋಲಿನಿಂದ ಕಲಿತು ಬರೆದಿಟ್ಟದ್ದು ಅಲ್ಲಿ. ಉತ್ತರ ಆಫ್ರಿಕದ ಆ ದೇಶ ಆಗ ಫ್ರೆಂಚರ ಆಳ್ವಿಕೆಯಲ್ಲಿತ್ತು. ಅಲ್ಲಿನ ಬ್ಲೀಡಾ ನಗರದ ದೊಡ್ಡ ಮಾನಸಿಕ ಆಸ್ಪತ್ರೆಗೆ 1953 ರಲ್ಲಿ ಫ್ರಾಂಟ್ಜ್ ಫಾನನ್ ಎಂಬ ಇಪ್ಪತ್ತೆಂಟು ವರ್ಷದ ವೈದ್ಯನು ಬಂದನು. ಅವನು ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದವನು, ಕರಿಯ ಜನಾಂಗದವನು, ಫ್ರಾನ್ಸಿನಲ್ಲಿ ಓದಿದವನು. ಆಸ್ಪತ್ರೆಯಲ್ಲಿ ಜನಾಂಗಕ್ಕೊಂದರಂತೆ ವಾರ್ಡುಗಳಿದ್ದವು. ಫಾನನ್ನನ ಪಾಲಿಗೆ ಬಂದದ್ದು 165 ಯುರೋಪಿಯನ್ ಹೆಂಗಸರು ಮತ್ತು 220 ಮುಸ್ಲಿಂ ಗಂಡಸರು. ಆಲ್ಜೀರಿಯನ್ನರ ಮೆದುಳೇ ಬಲಿಯದ ಮೆದುಳೆಂದು ಅಲ್ಲಿನ ಫ್ರೆಂಚ್ ಮನೋವೈದ್ಯರು ಪಾಠ ಹೇಳುತ್ತಿದ್ದ ಕಾಲ ಅದು.

ಫಾನನ್ ತಾನು ಕಲಿತು ಬಂದಿದ್ದ ಸಾಮೂಹಿಕ ಚಿಕಿತ್ಸೆಯನ್ನು ಎರಡು ವಾರ್ಡುಗಳಲ್ಲೂ ಆರಂಭಿಸಿದನು. ರೋಗಿಗಳ ಸಭೆ, ಹಬ್ಬದ ಸಮಾರಂಭ, ನಾಟಕ, ಸಂಗೀತ, ರೋಗಿಗಳೇ ಹೊರಡಿಸುವ ಪತ್ರಿಕೆ. ಯುರೋಪಿಯನ್ ಹೆಂಗಸರ ವಾರ್ಡಿನಲ್ಲಿ ಬಹು ಬೇಗ ಗುಣ ಕಂಡಿತು. ಗಂಡಸರ ವಾರ್ಡಿನಲ್ಲಿ ಏನೂ ನಡೆಯಲಿಲ್ಲ. ಸಭೆಗೆ ಕರೆದರೆ ಬರುವರು, ಸುಮ್ಮನೆ ಕೂರುವರು, ಎದ್ದು ಹೋಗುವರು. ಬುಟ್ಟಿ ಹೆಣೆಯಲು ಕೊಟ್ಟರೆ ಹಾಗೇ ಇಟ್ಟುಬಿಡುವರು. ಈ ಜನರೇ ಹೀಗೆ ಎಂದು ಕೈತೊಳೆದುಕೊಳ್ಳಲು ಆಸ್ಪತ್ರೆಯವರಿಗೆ ಇದು ಸಾಕಾಗಿತ್ತು.

ಫಾನನ್ ತಪ್ಪನ್ನು ತನ್ನಲ್ಲಿ ಹುಡುಕಿದನು. ಸಹೋದ್ಯೋಗಿ ಅಜುಲೇ ಜೊತೆಗೂಡಿ 1954 ರಲ್ಲಿ ಬರೆದ ಲೇಖನದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಅವನಿಗೆ ಅರಬ್ಬಿ ಬಾರದು; ದುಭಾಷಿಯ ಮೂಲಕ ಮಾತು. ಪೊಲೀಸರ ಮುಂದೆ, ನ್ಯಾಯಾಲಯದಲ್ಲಿ ಮಾತ್ರ ದುಭಾಷಿಯನ್ನು ಕಂಡಿದ್ದ ಹಳ್ಳಿಯವನು ವೈದ್ಯನ ಮುಂದೆ ಬಾಯಿ ಬಿಟ್ಟಾನೆಯೆ? ಹಬ್ಬಗಳು ಅವರ ಹಬ್ಬಗಳಲ್ಲ, ಹಾಡು ಅವರ ಹಾಡಲ್ಲ. ಓದುಬರಹ ಬಾರದವರ ಮುಂದೆ ಪತ್ರಿಕೆಯನ್ನು ಇಟ್ಟದ್ದಾಗಿತ್ತು. ಬುಟ್ಟಿ ಹೆಣೆಯುವುದು ಅವರ ಕಣ್ಣಿಗೆ ಗಂಡಸರ ಕೆಲಸವಾಗಿರಲಿಲ್ಲ. ಆಮೇಲೆ ಅವನು ವಾರ್ಡಿನಲ್ಲಿ ಆ ನಾಡಿನ ರೀತಿಯ ಕಾಫಿಕಟ್ಟೆಯೊಂದನ್ನು ತೆರೆಸಿದನು; ಮುಸ್ಲಿಂ ಹಬ್ಬಗಳನ್ನು ನಡೆಸಿದನು; ಊರೂರು ತಿರುಗಿ ಕಥೆ ಹೇಳುವವನನ್ನು ಕರೆಸಿದನು. ಸುಮ್ಮನೆ ಕುಳಿತಿದ್ದವರು ಮಾತನಾಡತೊಡಗಿದರು. ರೋಗಿಗೆ ಯಾವುದು ಹಿತವೆಂಬುದನ್ನು ರೋಗಿಯನ್ನು ಕೇಳದೆ ನಿಶ್ಚಯಿಸುವುದು, ಮನಸ್ಸೆಷ್ಟೇ ಒಳ್ಳೆಯದಿರಲಿ, ಒಂದು ಬಗೆಯ ಆಳ್ವಿಕೆಯೇ. ಇಂದು ಸಮಾಜಸೇವೆಯವರೂ ಮನಶ್ಶಾಸ್ತ್ರಜ್ಞರೂ ‘ದಬ್ಬಾಳಿಕೆಯಿಲ್ಲದ ಆರೈಕೆ’ ಎಂದು ಹೇಳುವುದರ ತಿರುಳು ಇದು.

1954 ರ ನವೆಂಬರಿನಲ್ಲಿ ಆಲ್ಜೀರಿಯಾದ ಸ್ವಾತಂತ್ರ್ಯಯುದ್ಧ ಆರಂಭವಾಯಿತು. ಚಿತ್ರಹಿಂಸೆಗೆ ಒಳಗಾದವರೂ ಅದನ್ನು ಮಾಡಿದ ಪೊಲೀಸರೂ ಇದೇ ವೈದ್ಯನ ಬಳಿಗೆ ಬಂದರು. ಇಬ್ಬರಿಗೂ ನಿದ್ರೆಯಿಲ್ಲ, ಇಬ್ಬರಿಗೂ ನಡುಕ. ಗಾಯಗಳನ್ನು ಮಾಡುತ್ತಲೇ ಇರುವ ವ್ಯವಸ್ಥೆಯ ಸಂಬಳಗಾರನಾಗಿ ಅದೇ ಗಾಯಗಳಿಗೆ ಮುಲಾಮು ಹಚ್ಚುವುದರಲ್ಲಿ ಅರ್ಥವಿಲ್ಲವೆಂದು ಕಂಡು ಅವನು 1956 ರ ಕೊನೆಯಲ್ಲಿ ರಾಜೀನಾಮೆ ಕೊಟ್ಟನು. ಸರ್ಕಾರ ಅವನನ್ನು ಗಡೀಪಾರು ಮಾಡಿತು. ತನ್ನ ರೋಗಿಗಳ ವೃತ್ತಾಂತಗಳನ್ನು ಸೇರಿಸಿ ಬರೆದ ಕೊನೆಯ ಪುಸ್ತಕ 1961 ರಲ್ಲಿ ಹೊರಬಂತು. ಆ ವರ್ಷವೇ ರಕ್ತದ ಕ್ಯಾನ್ಸರಿನಿಂದ ಮಡಿದನು. ಅವನಿಗಾಗ ಮೂವತ್ತಾರು ವರ್ಷ. ಸಶಸ್ತ್ರ ಹೋರಾಟವನ್ನು ಕುರಿತ ಅವನ ವಿಚಾರಗಳನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಅವನು ಕಲಿತ ಪಾಠ ಮಾತ್ರ ಎಲ್ಲರಿಗೂ ಬೇಕಾದದ್ದು.

ಆ ಪಾಠ ನಮ್ಮ ಮುಂದೆ ದೊಡ್ಡ ಪ್ರಮಾಣದಲ್ಲಿ ಬಂದು ನಿಂತದ್ದು ಭೋಪಾಲಿನಲ್ಲಿ. 1984 ರ ಡಿಸೆಂಬರ್ 2 ಮತ್ತು 3 ರ ನಡುವಣ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಮೀಥೈಲ್ ಐಸೊಸೈನೇಟ್ ಅನಿಲ ಸಾವಿರಾರು ಜನರನ್ನು ಕೊಂದಿತು. ಐದು ಲಕ್ಷಕ್ಕೂ ಹೆಚ್ಚು ಜನರು ಅದನ್ನು ಉಸಿರಾಡಿದ್ದರು. ಅವರಲ್ಲಿ ಹೆಚ್ಚಿನವರು ಕಾರ್ಖಾನೆಯ ಗೋಡೆಯ ಪಕ್ಕದ ಗುಡಿಸಲುಗಳ ಬಡವರು. ಶ್ವಾಸಕೋಶ ಮತ್ತು ಕಣ್ಣುಗಳ ಚಿಕಿತ್ಸೆ ಆರಂಭವಾಯಿತು. ಮನಸ್ಸಿನ ಪಾಡೇನು? ಆಗ ಮಧ್ಯಪ್ರದೇಶದ ಐದು ವೈದ್ಯಕೀಯ ಕಾಲೇಜುಗಳಲ್ಲಿ ಒಬ್ಬ ಮನೋವೈದ್ಯರೂ ಇರಲಿಲ್ಲ. 1985 ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಆರ್. ಶ್ರೀನಿವಾಸಮೂರ್ತಿಯವರೂ ಲಖನೌದ ವೈದ್ಯರೂ ಅಲ್ಲಿಗೆ ಹೋದರು. ದವಾಖಾನೆಗಳಿಗೆ ಬರುತ್ತಿದ್ದವರಲ್ಲಿ ಐವರಿಗೊಬ್ಬರಂತೆ ಮನಸ್ಸಿನ ತೊಂದರೆಯಿಂದ ನರಳುತ್ತಿದ್ದುದು ಕಂಡುಬಂತು. ಗಂಡಸರಿಗಿಂತ ಹೆಂಗಸರೇ ಹೆಚ್ಚು. ನಾಲ್ಕಾರು ಮನೋವೈದ್ಯರಿಂದ ಆಗುವ ಕೆಲಸವಲ್ಲವೆಂದು ಕಂಡು, ಅಲ್ಲಿನ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ತರಬೇತಿ ಕೊಟ್ಟರು. ರೋಗಿ ಹೇಳುವುದನ್ನು ಪೂರ್ತಿ ಕೇಳುವುದು ಹೇಗೆ, ಭಯವನ್ನೂ ನಿದ್ರಾಹೀನತೆಯನ್ನೂ ಗುರುತಿಸುವುದು ಹೇಗೆ ಎಂಬುದೇ ಅದರ ಪಾಠ.

ಭೋಪಾಲಿನಲ್ಲಿ ಇನ್ನೊಂದು ಇಕ್ಕಟ್ಟಿತ್ತು. ಆಯಾಸ, ಎದೆನೋವು, ಮರೆವು ಎಂದು ಬಂದವರನ್ನು ಕಂಡು, ಇವರು ಪರಿಹಾರದ ಹಣಕ್ಕಾಗಿ ಹೀಗೆ ಹೇಳುತ್ತಾರೆ, ಇದೆಲ್ಲ ಮನಸ್ಸಿನ ಕಲ್ಪನೆ ಎನ್ನುವವರೂ ಇದ್ದರು. ಮನಶ್ಶಾಸ್ತ್ರದ ಮಾತನ್ನೇ ಬಡವನ ಬಾಯಿ ಮುಚ್ಚಿಸಲು ಬಳಸಬಹುದೆಂಬುದಕ್ಕೆ ಇದೊಂದು ನಿದರ್ಶನ. ‘ನಿನ್ನ ಸಂಕಟ ಮನಸ್ಸಿನದು’ ಎಂದ ಕೂಡಲೆ ಅನಿಲ ಸೋರಿಸಿದವರ ಹೊಣೆ ಹಗುರವಾಗಿಬಿಡುತ್ತದೆ. ದುಃಖವು ಮನಸ್ಸಿನಲ್ಲಿರುವುದು ನಿಜ. ದುಃಖದ ಕಾರಣ ಮನಸ್ಸಿನಲ್ಲಿಲ್ಲ. ವೈದ್ಯನು ಇವೆರಡನ್ನೂ ಒಟ್ಟಿಗೆ ಹಿಡಿದಿರಬೇಕು. ಕಾರಣವನ್ನು ಮಾತ್ರ ನೋಡಿದರೆ ಮುಂದೆ ಕುಳಿತ ಹೆಂಗಸಿನ ನಿದ್ರೆಯಿಲ್ಲದ ರಾತ್ರಿ ಕಾಣದೆ ಹೋಗುತ್ತದೆ. ಮನಸ್ಸನ್ನು ಮಾತ್ರ ನೋಡಿದರೆ ಅನ್ಯಾಯ ಕಾಣದೆ ಹೋಗುತ್ತದೆ.

ಭೋಪಾಲಿಗೆ ವೈದ್ಯರು ಹೋದ 1985 ರಲ್ಲೇ ಅವರ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಕೆಲಸ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತೆಯರೂ ಮನಸ್ಸಿನ ಕಾಯಿಲೆಗಳನ್ನು ಹಳ್ಳಿಯಲ್ಲೇ ನೋಡಿಕೊಳ್ಳಬಲ್ಲರೆಂದು ತೋರಿಸಿದ ಪ್ರಯೋಗ ಅದು. 1996 ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಬಳಿಕ ಕಾನೂನೂ ಬದಲಾಯಿತು. 2018 ರ ಮೇ ತಿಂಗಳಿಂದ ಜಾರಿಯಲ್ಲಿರುವ 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಜಾತಿ, ಧರ್ಮ, ಲಿಂಗ, ವರ್ಗಗಳ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಹಕ್ಕೆಂದು ಹೇಳಿದೆ. ಒಬ್ಬನ ಬಡತನವನ್ನಾಗಲಿ, ಅವನು ಸೇರಿದ ಪಂಗಡವನ್ನಾಗಲಿ, ಸಮಾಜದ ಕಟ್ಟಳೆಗಳಿಗೆ ಒಗ್ಗದ ನಡತೆಯನ್ನಾಗಲಿ ಆಧಾರವಾಗಿಟ್ಟುಕೊಂಡು ಅವನಿಗೆ ಮಾನಸಿಕ ರೋಗವಿದೆಯೆಂದು ನಿರ್ಣಯಿಸಕೂಡದೆಂದೂ ವಿಧಿಸಿದೆ. ಬ್ಲೀಡಾದಲ್ಲೂ ಭೋಪಾಲಿನಲ್ಲೂ ಕಲಿತದ್ದು ಇಲ್ಲಿ ಶಾಸನದ ಭಾಷೆಯಲ್ಲಿ ಬಂದಿದೆ ಎನ್ನಬಹುದು.

ಈ ಎಲ್ಲ ಕಲಿಕೆಯ ಪರೀಕ್ಷೆ 2020 ಮತ್ತು 2021 ರಲ್ಲಿ ನಡೆಯಿತು. 2020 ರ ಮಾರ್ಚ್ 25 ರಂದು ದೇಶವೆಲ್ಲ ಬಾಗಿಲು ಹಾಕಿದಾಗ ಕೂಲಿಗೆಂದು ದೂರದ ಊರುಗಳಿಗೆ ಬಂದಿದ್ದ ಲಕ್ಷಾಂತರ ಜನರು ನಡೆದೇ ಊರಿಗೆ ಹೊರಟರು. ಪರಿಹಾರ ಶಿಬಿರಗಳಲ್ಲಿ ಅವರ ಭಯವನ್ನು ನೀಗಿಸಲು ತರಬೇತಿ ಪಡೆದ ಆಪ್ತಸಲಹೆಗಾರರು ಹೋಗಬೇಕೆಂದು ಸುಪ್ರೀಂ ಕೋರ್ಟು ಆ ತಿಂಗಳ 31 ರಂದು ಹೇಳಿತು. ಅಲ್ಲಿಗೆ ಹೋದ ಸಲಹೆಗಾರರ ಸ್ಥಿತಿಯನ್ನು ಸ್ವಲ್ಪ ಆಲೋಚಿಸಿರಿ. ಎದುರಿಗೆ ಕುಳಿತವನಿಗೆ ನಿದ್ರೆಯಿಲ್ಲ, ಅನ್ನ ಸೇರದು, ಮನೆಗೆ ಹೋಗಬೇಕೆಂಬುದೊಂದೇ ಹಂಬಲ. ಇದು ಮನೋರೋಗವೆ? ಕೂಲಿ ನಿಂತಿದೆ, ಊರಿನಲ್ಲಿ ಹೆಂಡತಿ ಮಕ್ಕಳು ಕಾದಿದ್ದಾರೆ, ರೈಲಿಲ್ಲ. ಅವನಿಗೆ ದೀರ್ಘವಾಗಿ ಉಸಿರಾಡುವುದನ್ನು ಕಲಿಸಿ ಎದ್ದುಬರುವುದು ಸುಲಭ. ಬಲ್ಲ ಸಲಹೆಗಾರರು ಮೊದಲು ಊಟ ಸಿಕ್ಕಿತೇ ಎಂದು ಕೇಳುತ್ತಾರೆ, ಮನೆಯವರೊಡನೆ ಫೋನಿನಲ್ಲಿ ಮಾತನಾಡಿಸುತ್ತಾರೆ, ರೈಲಿನ ಪಟ್ಟಿಯಲ್ಲಿ ಹೆಸರು ಬರೆಸುವ ಬಗೆಯನ್ನು ತಿಳಿಸುತ್ತಾರೆ. ಆಗ ಮಾತ್ರ ಮನಸ್ಸಿನ ಮಾತಿಗೆ ಎಡೆ.

2021 ರ ಏಪ್ರಿಲ್ ಮೇ ತಿಂಗಳುಗಳನ್ನು ಬೆಂಗಳೂರಿನವರು ಮರೆಯಲಾರರು. ಚಿತಾಗಾರಗಳ ಮುಂದೆ ಆಂಬುಲೆನ್ಸುಗಳ ಸಾಲು. ತಾವರೆಕೆರೆ, ಗಿಡ್ಡೇನಹಳ್ಳಿಗಳ ಬಯಲಿನಲ್ಲಿ ಸಾಲು ಚಿತೆಗಳು. ಮುಖ ನೋಡುವಂತಿಲ್ಲ, ನೀರು ಬಿಡುವಂತಿಲ್ಲ, ಹೆಗಲು ಕೊಡುವಂತಿಲ್ಲ. ನೂರಾರು ಜನರ ಚಿತಾಭಸ್ಮವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆ ಜೂನಿನಲ್ಲಿ ಸರ್ಕಾರವೇ ಅದನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಡಿಸಿತು. ಸಂಸ್ಕಾರಗಳೆಂಬುವು ಸತ್ತವರಿಗಾಗಿ ಇದ್ದಂತೆಯೇ ಬದುಕಿದವರ ಮನಸ್ಸಿಗಾಗಿಯೂ ಇವೆ. ಹನ್ನೊಂದು, ಹದಿಮೂರು ಎಂದು ದಿನಗಳನ್ನು ಎಣಿಸುತ್ತ ಮನಸ್ಸು ಒಂದೊಂದು ಹೆಜ್ಜೆ ಇಡುತ್ತದೆ. ಆ ಮೆಟ್ಟಿಲುಗಳೇ ಇಲ್ಲದೆ ಹೋದಾಗ ಶೋಕವು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎದೆಯಲ್ಲೇ ಉಳಿಯುತ್ತದೆ. ಎಷ್ಟೋ ಆಪ್ತಸಲಹೆಗಾರರು ಸಹಾಯವಾಣಿಯ ಕರೆಗಳನ್ನು ತಮ್ಮ ಮನೆಯಿಂದಲೇ ತೆಗೆದುಕೊಳ್ಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಅವರ ಮನೆಯವರೇ ಜ್ವರದಿಂದ ಮಲಗಿರುವ ಸಂಭವವೂ ಇತ್ತು.

ಇಂಥ ಕಾಲದಲ್ಲಿ ಅವರು ಉಳಿದುಕೊಳ್ಳುವುದು ಹೇಗೆ? ನನಗೆ ತಿಳಿದುಬಂದದ್ದು ಮೂರು ಸಂಗತಿ. ಒಂದು: ತಿಳಿಯದ್ದನ್ನು ತಿಳಿಯದೆಂದು ಹೇಳುವುದು. ‘ಅಮ್ಮ ಉಳಿಯುತ್ತಾರೆಯೆ?’ ಎಂದು ಕೇಳಿದವನಿಗೆ ‘ಎಲ್ಲ ಸರಿಹೋಗುತ್ತದೆ’ ಎಂದರೆ ಅದು ಸುಳ್ಳು. ಸುಳ್ಳು ಹೇಳಿದ ಮೇಲೆ ನಂಬಿಕೆ ಹೋಗುತ್ತದೆ. ‘ಅದು ನನಗೆ ಗೊತ್ತಿಲ್ಲ. ಆದರೆ ಈಗ ನಿಮ್ಮೊಡನೆ ಇದ್ದೇನೆ; ಇಂದಿನ ರಾತ್ರಿಯನ್ನು ಹೇಗೆ ಕಳೆಯೋಣ ಎಂದು ನೋಡೋಣ’ ಎನ್ನಬಹುದು. ಎರಡು: ತನ್ನ ದುಃಖವನ್ನು ಬಚ್ಚಿಡದಿರುವುದು, ಆದರೆ ಅದನ್ನು ನೊಂದವನ ಹೆಗಲಿಗೆ ಹಾಕದಿರುವುದು. ಅದಕ್ಕಾಗಿಯೇ ಈ ವೃತ್ತಿಯಲ್ಲಿ ಅನುಭವಿಗಳಾದ ಹಿರಿಯರ ಬಳಿ, ಸಹೋದ್ಯೋಗಿಗಳ ಗುಂಪಿನಲ್ಲಿ ಕುಳಿತು ತಾವು ಕೇಳಿದ್ದನ್ನೂ ತಮಗಾದದ್ದನ್ನೂ ಹೇಳಿಕೊಳ್ಳುವ ಪದ್ಧತಿಯುಂಟು. ಪರರ ಸಂಕಟವನ್ನು ದಿನವೂ ಕೇಳುವವರಿಗೂ ಅದೇ ದುಃಸ್ವಪ್ನ, ಅದೇ ನಡುಕ ಬರಬಹುದೆಂಬುದು ಈಗ ಶಾಸ್ತ್ರವೇ ಒಪ್ಪಿದ ಮಾತು. ಮೂರು: ರಜೆ. ತಾನಿಲ್ಲದಿದ್ದರೆ ನಡೆಯದೆಂದು ಹಗಲಿರುಳು ದುಡಿಯುವ ಸಲಹೆಗಾರನು ಕೆಲದಿನಗಳಲ್ಲಿ ಕೇಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ. ಇದು ಅವನೊಬ್ಬನ ಹೊಣೆಯಾಗದೆ ಅವನನ್ನು ನೇಮಿಸಿದವರ ಹೊಣೆಯೂ ಆಗಬೇಕು.

ನಮ್ಮ ನಿಮ್ಮಂಥ ಗೃಹಸ್ಥರು ಮಾಡಬಹುದಾದದ್ದೇನು? ವಿಶ್ವ ಆರೋಗ್ಯ ಸಂಸ್ಥೆಯವರು 2011 ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ಮೂರೇ ಮಾತಿನಲ್ಲಿದೆ: ನೋಡು, ಕೇಳು, ಕೂಡಿಸು. ಅಪಾಯವೇನು, ತುರ್ತಾಗಿ ಬೇಕಾದದ್ದೇನು ಎಂದು ನೋಡುವುದು. ಅವರು ಹೇಳಬಯಸಿದಷ್ಟನ್ನು ಕೇಳುವುದು. ಬೇಕಾದ ನೆರವಿನೊಡನೆ, ಅವರ ಜನರೊಡನೆ ಅವರನ್ನು ಕೂಡಿಸುವುದು. ನಡೆದದ್ದನ್ನೆಲ್ಲ ಹೇಳಿಬಿಡು, ಹಗುರವಾಗುತ್ತದೆ ಎಂದು ಒತ್ತಾಯಿಸುವುದು ಒಳ್ಳೆಯದಲ್ಲ. ಅಳು ಬಾರದವರನ್ನು ಅಳಿಸಬೇಕೆಂಬ ನಿಯಮವೂ ಇಲ್ಲ. ಬಹುಮಂದಿಯ ಶೋಕ ಕಾಲಕ್ರಮದಲ್ಲಿ ತಾನಾಗಿ ಇಳಿಯುತ್ತದೆ. ಆರು ತಿಂಗಳು, ವರ್ಷ ಕಳೆದರೂ ಅದು ಮೊದಲ ದಿನದಷ್ಟೇ ತೀವ್ರವಾಗಿದ್ದು, ಏಳಲು, ಉಣ್ಣಲು, ಕೆಲಸ ಮಾಡಲು ಬಿಡದಿದ್ದರೆ ದೀರ್ಘಶೋಕವೆಂದು ಗುರುತಿಸಿ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಒಂದು ಗಳಿಗೆಯೂ ಕಾಯಬಾರದು. 2022 ರ ಅಕ್ಟೋಬರ್ 10 ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಇದೆ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಇನ್ನು ಆ ಹುಡುಗಿಯ ವಿಷಯ. ತರಬೇತಿ ಮುಗಿಸಿ ಬಂದ ಮೇಲೆ ಒಂದು ಸಂಜೆ ಅವಳ ಮನೆಗೆ ಹೋದೆ. ಈ ಸಲ ಉಪದೇಶ ಮಾಡಲಿಲ್ಲ. “ನನ್ನ ಅಣ್ಣನೂ ಆಗಲೇ ಹೋದ ಅಮ್ಮ. ಆವತ್ತು ನಿನಗೆ ಏನೇನೋ ಹೇಳಿಬಿಟ್ಟೆ. ಈಗ ನಿನಗೆ ಏನು ಕಷ್ಟವಾಗಿದೆ, ಹೇಳು” ಎಂದೆ. ಬಹಳ ಹೊತ್ತಿನ ಮೇಲೆ ಹೇಳಿದಳು. ಆಟೋದ ಸಾಲದ ಕಂತಿಗೆ ಜನ ಮನೆಯ ಬಾಗಿಲಿಗೆ ಬಂದು ಕೂಗಾಡುತ್ತಿದ್ದರು. ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗತೊಡಗಿದ್ದರು. ತಮ್ಮನನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿ. ತಂದೆ ಮನೆಯಲ್ಲೇ ತೀರಿಕೊಂಡದ್ದರಿಂದ ಕೋವಿಡ್ ಎಂಬುದಕ್ಕೆ ಕಾಗದವಿಲ್ಲ. ಕಾಗದವಿಲ್ಲದ್ದರಿಂದ ಸರ್ಕಾರದ ಪರಿಹಾರವಿಲ್ಲ. ನಾನು ‘ವಿಧಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರ ಒಳಗೆ ಇಷ್ಟೆಲ್ಲ ಇತ್ತು.

ನಾನು ವೈದ್ಯನಲ್ಲ, ನನಗೆ ಬರುವುದು ಕನ್ನಡ. ಕುಳಿತು ಅರ್ಜಿ ಬರೆದೆ. ಪರೀಕ್ಷೆ ಮಾಡಿದ್ದ ಪ್ರಯೋಗಾಲಯದ ಚೀಟಿಯನ್ನು ಹುಡುಕಿ ಲಗತ್ತಿಸಿದೆವು. ಮೂರು ಕಚೇರಿಗಳನ್ನು ಸುತ್ತಿದೆವು. ತಮ್ಮನನ್ನು ನಮ್ಮ ಬೀದಿಯ ಅಂಗನವಾಡಿಗೆ ಸೇರಿಸಿದ ಮೇಲೆ ಅವಳು ಶಾಲೆಗೆ ಬರತೊಡಗಿದಳು. ಅರ್ಜಿಯ ಮೇಲೆ ಮೊಹರು ಬಿದ್ದ ದಿನ ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ಅಪ್ಪ ಆಟೋ ತೊಳೆಯುವಾಗ ತನ್ನ ಮೇಲೂ ನೀರು ಎರಚುತ್ತಿದ್ದರೆಂದು ಹೇಳಿ ಅತ್ತಳು. ನಾನೂ ಪಕ್ಕದಲ್ಲಿ ಕುಳಿತಿದ್ದೆ. ಆಗ ನನ್ನ ಬಾಯಿಯಿಂದ ಯಾವ ಮಾತೂ ಬರಲಿಲ್ಲ, ಬರಬೇಕೆಂದೂ ಅನ್ನಿಸಲಿಲ್ಲ.